ಮೆಣಸು, ಅಡಿಕೆ, ಕಬ್ಬಿಣ: ಗೆನಿಜಾ ಪತ್ರ ಓದಲು ನಾನು ಹಿಡಿದ ದಾರಿ

ಎಂ.ಎ. ಪ್ರಬಂಧಕ್ಕೆ ಕೈರೋ ಗೆನಿಜಾದ, ಅಂದರೆ ಅಲ್ಲಿನ ಹಳೆಯ ಯಹೂದಿ ಪ್ರಾರ್ಥನಾಮಂದಿರದಲ್ಲಿ ಉಳಿದ ಕಾಗದರಾಶಿಯ, ವ್ಯಾಪಾರಿ ಪತ್ರಗಳನ್ನು ಆರಿಸಿಕೊಂಡರೆ ಎಲ್ಲರದೂ ಒಂದೇ ಉಪದೇಶ: ಮೊದಲು ಅರಬ್ಬಿ ವ್ಯಾಕರಣ ಮುಗಿಸಿ, ಹಸ್ತಪ್ರತಿ ಆಮೇಲೆ. ನಾನು ತಿರುವುಮುರುವಾಗಿ ಹೋದೆ. ಈ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನನಗೆ ಹೀಬ್ರೂ ಲಿಪಿ ಕೈವಶವಾಗಿತ್ತು, ಅರಬ್ಬಿ ಅಷ್ಟಕ್ಕಷ್ಟೇ. ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿಗೆ 12ನೇ ಶತಮಾನದಲ್ಲಿ ಏಡನ್‌ನಿಂದ ಬಂದ ಪತ್ರಗಳನ್ನು ಸರಕಿನ ಹೆಸರು ಹಿಡಿದೇ ಬಿಡಿಸಿದೆ. ಆಗುವುದಿಲ್ಲ ಎಂದವರೇ ಈಗ ನನ್ನ ಅಕ್ಷರಪಟ್ಟಿ ಕೇಳುತ್ತಾರೆ.

ಅಚ್ಚಿನ ಲಿಪಿಪಟ್ಟಿ ಇಲ್ಲಿ ನಡೆಯುವುದಿಲ್ಲ. ಒಂದೊಂದು ಕೈಬರಹಕ್ಕೂ ಬೇರೆ ಪಟ್ಟಿ ಬೇಕು. ಮೆಣಸು, ಅಂದರೆ ಫುಲ್ಫುಲ್, ಸಿಕ್ಕಿತೋ, ಹೀಬ್ರೂ ಅಕ್ಷರಗಳಾದ ಪೇ ಮತ್ತು ಲಾಮೆದ್ ಎರಡೆರಡು ಸಲ ಕೈಗೆ ಬಂದವು. ಅಡಿಕೆಯ ಫೌಫಲ್‌ನಿಂದ ವಾವ್. ನಿಜವಾದ ಲಾಭ ಕಬ್ಬಿಣದ ಸಾಲಿನಲ್ಲಿ: ಹದೀದ್‌ನಲ್ಲಿ ಹೇತ್, ದಾಲೆತ್, ಯೋದ್, ಮತ್ತೆ ದಾಲೆತ್, ಪಕ್ಕದಲ್ಲೇ ತೂಕದ ಬಹಾರ್‌ನಲ್ಲಿ ಬೇತ್, ಹೇ, ಅಲೆಫ್, ರೇಶ್. ನೋಡಲು ಒಂದೇ ಥರ ಕಂಡು ತಲೆಕೆಡಿಸುವ ದಾಲೆತ್-ರೇಶ್, ಹೇ-ಹೇತ್ ಜೋಡಿಗಳೆರಡೂ ಒಂದೇ ಸಾಲಿನಲ್ಲಿ ಬೇರೆಯಾಗುತ್ತವೆ.

ಚುಕ್ಕೆಗಳನ್ನು ನಂಬಬೇಡಿ. ಗಿಮೆಲ್ ಮೇಲಿನ ಚುಕ್ಕೆ ಒಬ್ಬ ಬರಹಗಾರನಿಗೆ ಅರಬ್ಬಿಯ ಜೀಮ್ ಅಕ್ಷರ, ಇನ್ನೊಬ್ಬನಿಗೆ ಗೈನ್. ಅವಸರದಲ್ಲಿ ಬರೆದವನು ಅದನ್ನೂ ಇಟ್ಟಿರುವುದಿಲ್ಲ. ಎ3 ಕಪ್ಪುಬಿಳುಪು ಪ್ರಿಂಟ್‌ಗೆ ಸುರಿದ ಎರಡು ಸಾವಿರ ಚಿಲ್ಲರೆ ರೂಪಾಯಿ ದಂಡ: ಕಾಗದದ ಕಲೆ, ಹುಳು ತೂತು, ಚುಕ್ಕೆ ಎಲ್ಲ ಒಂದೇ ಬಣ್ಣ. ಕೇಂಬ್ರಿಜ್ ಗ್ರಂಥಾಲಯದ ಬಣ್ಣದ ಚಿತ್ರಗಳು ಜಾಲದಲ್ಲಿ ಪುಕ್ಕಟೆ, ಪರದೆಯ ಮೇಲೇ ಹಿಗ್ಗಿಸಿ ನೋಡಿ. ಇನ್ನೊಂದು ಪ್ರಯೋಗ: ಚಿತ್ರದ ಬಣ್ಣಗಳನ್ನು ಬೇರ್ಪಡಿಸಿ, ಶಾಯಿ ಮಾಸಿದ್ದರೆ ನೀಲಿ ಪದರ, ಕಾಗದ ಕಲೆಗಟ್ಟಿದ್ದರೆ ಕೆಂಪು ಪದರ ನೋಡಿದೆ. ಕೆಂಪು ಸಾಮಾನ್ಯವಾಗಿ ಕೆಲಸ ಕೊಡುತ್ತದೆ, ನೀಲಿ ಆಗೀಗ. ಕೈಬರಹ ಓದುವ ತಂತ್ರಾಂಶ ಮಾತ್ರ ದಾಲೆತ್-ರೇಶ್ ಕಲಸಿಹಾಕಿತು, ತಿದ್ದುವುದಕ್ಕಿಂತ ಬರೆಯುವುದೇ ಬೇಗ.

ತಾರೀಖು ಸೆಲ್ಯೂಸಿಡ್ ಶಕೆಯದು, ಅಂದರೆ ಕ್ರಿ.ಪೂ. 312ರಿಂದ ಎಣಿಸುವ ಹಳೆಯ ಕಾಲಗಣನೆ. ವರ್ಷ ಶರತ್ಕಾಲದಲ್ಲಿ ಶುರು, ಆದ್ದರಿಂದ ಕ್ರಿಸ್ತಶಕದ ವರ್ಷ ಸಿಗಲು ಡಿಸೆಂಬರ್‌ವರೆಗೆ 312, ಆಮೇಲೆ 311 ಕಳೆಯಬೇಕು. ಬೆನ್ ಯಿಜು ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಮಂಗಳೂರಿನ ಪತ್ರ 1444ರದು, ಅಕ್ಟೋಬರ್ ತಿಂಗಳು, ಹಾಗಾಗಿ 1132.

ಹಾಳೆ ತುಂಬಿದ ಮೇಲೆ ಬರಹ ಅಂಚಿಗೆ ತಿರುಗಿ ಅಡ್ಡಡ್ಡ, ಕೆಲವೊಮ್ಮೆ ತಲೆಕೆಳಗಾಗಿ ಓಡುತ್ತದೆ. ಅಂಚಿನ ತುಣುಕುಗಳ ಕ್ರಮ ಕಂಡುಹಿಡಿಯಲು ನನ್ನದೊಂದು ಉಪಾಯವಿದೆ. ಪ್ರಬಂಧ ಒಪ್ಪಿಸುವ ತನಕ ಅದನ್ನು ಹೇಳುವುದಿಲ್ಲ. ಪ್ರಿನ್ಸ್‌ಟನ್ ಗೆನಿಜಾ ಯೋಜನೆಯವರು ಪತ್ರವನ್ನು ಓದಿ ಬರೆದಿಟ್ಟ ಪಾಠವನ್ನು, ನೀವು ಪತ್ರ ಪೂರ್ತಿ ಬಿಡಿಸಿದ ಮೇಲಷ್ಟೇ ತೆರೆಯಿರಿ, ಮುಂಚೆ ನೋಡಿದರೆ ಕಣ್ಣು ಅದನ್ನೇ ಓದುತ್ತದೆ. ಈಗ ಇಪ್ಪತ್ತು ಸಾಲಿಗೆ ಒಂದೂವರೆ ಗಂಟೆ ಸಾಕು, ಕ್ರಿಯಾಪದಗಳಿಗೆ ನಿಘಂಟು ಇನ್ನೂ ಬೇಕೇಬೇಕು.