ಕೋರ್ಟ್ ಥ್ರಿಲ್ಲರ್‌ನ ಎರಡನೇ ಸೀಸನ್: ತಾರೀಖು ಪಟ್ಟಿಯಿಂದ ತೀರ್ಪಿನವರೆಗೆ ನಾನು ಬರೆಯುವ ರೀತಿ

ಕೋರ್ಟ್ ಥ್ರಿಲ್ಲರ್‌ನ ಎರಡನೇ ಸೀಸನ್ ಬರೆಯಲು ಕೂತಾಗ ನನ್ನ ಮೊದಲ ಕೆಲಸ ತಾರೀಖು ಪಟ್ಟಿ. ಹಿಂದಿನ ಸೀಸನ್ ಪೂರ್ತಿ ನೋಡಿ, ಪರದೆಯ ಮೇಲೆ ಕಂಡ ಪ್ರತಿ ದಿನಾಂಕ, ಪ್ರತಿ ಕಾಗದ, ಪ್ರತಿ ಸಹಿಯನ್ನೂ ಎಕ್ಸೆಲ್ ಶೀಟಿಗೆ ಇಳಿಸುತ್ತೇನೆ. ಕಾಲಂಗಳು ಎಂಟು: ದಿನಾಂಕ, ವಾರ, ಘಟನೆ, ಅನ್ವಯಿಸುವ ಕಲಂ, ದಾಖಲೆ, ಅದರ ನಿಶಾನೆ ಸಂಖ್ಯೆ (ಸಾಕ್ಷ್ಯವಾಗಿ ಗುರುತಿಸುವಾಗ ಕೋರ್ಟ್ ಕೊಡುವ ಸಂಖ್ಯೆ), ಎಪಿಸೋಡ್ ಮತ್ತು ಸೀನ್, ಆ ಹೊತ್ತಿಗೆ ಆ ವಿಷಯ ಯಾರ್ಯಾರಿಗೆ ಗೊತ್ತು. ಥ್ರಿಲ್ಲರ್‌ನ ಜೀವ ಇರುವುದು ಕೊನೆಯ ಕಾಲಂನಲ್ಲಿ. ವಾರದ ಕಾಲಂ ಸಣ್ಣದು ಅನ್ನಿಸಬಹುದು. ಆದರೆ ಭಾನುವಾರ ಸೆಷನ್ಸ್ ಕೋರ್ಟಿನಲ್ಲಿ ಪಾಟಿ ಸವಾಲು (ಸಾಕ್ಷಿಗೆ ಎದುರು ಪಕ್ಷದ ವಕೀಲರ ಪ್ರಶ್ನೆ) ನಡೆದಂತೆ ತೋರಿಸಿದರೆ ನೋಡುವವರು ಅಲ್ಲೇ ಹಿಡಿಯುತ್ತಾರೆ, ಆಮೇಲೆ ಬೇರೆ ಯಾವ ದೃಶ್ಯವನ್ನೂ ನಂಬುವುದಿಲ್ಲ.

ಈ ಪಟ್ಟಿ ಈಗ ಮೊದಲಿಗಿಂತಲೂ ಮುಖ್ಯ. 2024ರ ಜುಲೈ 1ರಿಂದ ಐಪಿಸಿ (ಅಪರಾಧ, ಶಿಕ್ಷೆಯ ಕಾನೂನು), ಸಿಆರ್‌ಪಿಸಿ (ತನಿಖೆ, ವಿಚಾರಣೆಯ ವಿಧಾನದ ಕಾನೂನು) ಮತ್ತು ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಕ್ರಮವಾಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಒಂದು ಸೀಸನ್ ಹಳೇ ಕಾನೂನಿನಡಿ ನಡೆದಿದ್ದರೆ ಮುಂದಿನದರಲ್ಲಿ ಎಲ್ಲ ಕಲಂ ಸಂಖ್ಯೆಗಳನ್ನೂ ಒಟ್ಟಿಗೆ ಬದಲಿಸುವಂತಿಲ್ಲ. ಯಾವ ಅಪರಾಧ ಅನ್ನುವುದನ್ನು ಕೃತ್ಯ ನಡೆದ ದಿನದ ಕಾನೂನು ಹೇಳುತ್ತದೆ. ಸಂವಿಧಾನದ 20(1)ನೇ ವಿಧಿ ಅದಕ್ಕೆ ಆಧಾರ. ಜುಲೈ 1ಕ್ಕೆ ಮೊದಲೇ ನಡೆಯುತ್ತಿದ್ದ ತನಿಖೆ, ವಿಚಾರಣೆಗಳು ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತವೆ, ಸುರಕ್ಷಾ ಸಂಹಿತೆಯ 531ನೇ ಕಲಂ ಹಾಗೆ ಉಳಿಸಿದೆ. ಕೃತ್ಯ ಜೂನ್‌ನಲ್ಲಿ, ಎಫ್‌ಐಆರ್ ಜುಲೈನಲ್ಲಿ ಆದರೆ ಕೊಲೆಗೆ ಐಪಿಸಿ 302, ತನಿಖೆಯ ವಿಧಾನಕ್ಕೆ ಸುರಕ್ಷಾ ಸಂಹಿತೆ. ಪಾತ್ರಗಳ ಬಾಯಲ್ಲಿ ಮಾತ್ರ ಹಳೇ ಸಂಖ್ಯೆ ಇರಲಿ ಬಿಡಿ. ಹಳೇ ಹೆಡ್ ಕಾನ್‌ಸ್ಟೆಬಲ್ ಈಗಲೂ 'ತ್ರೀ ನಾಟ್ ಟು' ಅಂತಲೇ ಅನ್ನುತ್ತಾರೆ, ಅದು ಸಹಜ. ಕಾಗದದ ಮೇಲೆ ಕಾಣುವ ಸಂಖ್ಯೆ ಮಾತ್ರ ಸರಿಯಿರಬೇಕು.

ಈ ಗಡಿಯನ್ನು ಕಥೆಯಾಗಿ ಬಳಸಿಕೊಳ್ಳುವ ಬಗೆ ಹೀಗೆ. ಕೊಲೆ 2024ರ ಜೂನ್ 30, ಭಾನುವಾರ ರಾತ್ರಿ. ಅಂಗಡಿಯ ಸಿಸಿಟಿವಿಯಲ್ಲಿ ಆರೋಪಿ ಒಳಗೆ ಹೋಗಿ ಹೊರಬರುವ ಹೊತ್ತು 12:07, ಅಂದರೆ ಜುಲೈ 1. ಆದರೆ ಸಿಸಿಟಿವಿ ದೃಶ್ಯ ಉಳಿಸಿಡುವ ಯಂತ್ರವಾದ ಡಿವಿಆರ್‌ನ ಗಡಿಯಾರ 14 ನಿಮಿಷ ಮುಂದಿದೆ. ನಿಜವಾದ ಹೊತ್ತು 11:53. ಕೊಲೆಗೆ ಎರಡೂ ಕಾನೂನಿನಲ್ಲಿ ಮರಣದಂಡನೆ ಅಥವಾ ಜೀವಾವಧಿಯೇ ಇರುವುದರಿಂದ ಬರೀ ಕೊಲೆ ಪ್ರಕರಣವಾದರೆ ಈ ನಿಮಿಷಗಳಿಂದ ಹೆಚ್ಚೇನೂ ಬದಲಾಗದು. ಆದರೆ ಸುಪಾರಿ ತಂಡದ ಮೇಲೆ ನ್ಯಾಯ ಸಂಹಿತೆಯ 111ನೇ ಕಲಂನ ಸಂಘಟಿತ ಅಪರಾಧ ಹೊರಿಸಬೇಕು ಅಂದಾಗ ಆ 14 ನಿಮಿಷವೇ ಇಡೀ ಸೀಸನ್. 12 ಗಂಟೆಗೆ ಮೊದಲಿನ ಕೃತ್ಯಕ್ಕೆ ಆ ಕಲಂ ಹಾಕುವಂತಿಲ್ಲ. ಜೊತೆಗೆ ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪಣ ಪಟ್ಟಿ ಸಲ್ಲಿಕೆಯಾಗಿರಬೇಕು ಎಂಬ ಷರತ್ತೂ ಇದೆ, ಅದನ್ನು ಹಿಂದಿನ ಸೀಸನ್‌ನಲ್ಲಿ ಎಲ್ಲಾದರೂ ಬಿತ್ತಿರಬೇಕು. ಇರಿದದ್ದು 12ರ ಒಳಗೆ, ಪ್ರಾಣ ಹೋದದ್ದು ಆಮೇಲೆ ಅಂತ ಹೆಣೆದರೆ ಇರಿದ ಹೊತ್ತೇ ಲೆಕ್ಕಕ್ಕೆ ಬರುತ್ತದೆ. ಶವಪರೀಕ್ಷೆ ಮಾಡಿದ ವೈದ್ಯರ ಬಾಯಲ್ಲಿ 'ರಾತ್ರಿ 11:53ಕ್ಕೆ ಸಾವು' ಅಂತ ಹೇಳಿಸಬೇಡಿ. ದೇಹದ ಬಿಗಿತ, ಹೊಟ್ಟೆಯ ಆಹಾರ ನೋಡಿ ಅವರು ಕೊಡುವುದು ಕೆಲವು ಗಂಟೆಗಳ ಅಂದಾಜು ಮಾತ್ರ. ನಿಮಿಷ ಸಿಗುವುದು ಡಿವಿಆರ್‌ನಿಂದ, ಫೋನ್ ದಾಖಲೆಗಳಿಂದ.

ಡಿವಿಆರ್ ಅಮಾನತ್ತು ಮಾಡುವ (ವಶಪಡಿಸಿಕೊಳ್ಳುವ) ದೃಶ್ಯವನ್ನು ಬಹಳ ಮಂದಿ ಅವಸರದಲ್ಲಿ ಮುಗಿಸುತ್ತಾರೆ. ನಾನು ಅಲ್ಲಿ ನಿಲ್ಲುತ್ತೇನೆ. ತನಿಖಾಧಿಕಾರಿ ಡಿವಿಆರ್ ತೋರಿಸುವ ಹೊತ್ತನ್ನೂ ತನ್ನ ಫೋನ್ ತೋರಿಸುವ ಹೊತ್ತನ್ನೂ ಮಹಜರಿನಲ್ಲಿ ಒಂದೇ ಸಾಲಿನಲ್ಲಿ ಬರೆಸಬೇಕು. ಬರೆಸದೇ ಹೋದದ್ದೇ ಮುಂದೆ ರಕ್ಷಣೆಯ ವಕೀಲರಿಗೆ ಆಯುಧವಾಗುತ್ತದೆ. ಇಬ್ಬರು ಪಂಚರ (ಸ್ಥಳದಲ್ಲಿ ಸಾಕ್ಷಿಯಾಗಿ ನಿಲ್ಲುವವರ) ಸಹಿ ಪ್ರತಿ ಪುಟದಲ್ಲಿ. ವಸ್ತು ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು, ಪಂಚರು ಸಹಿ ಮಾಡಿದ ಚೀಟಿ. ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಅಮಾನತ್ತು ಎಲ್ಲವೂ ವಿಡಿಯೊ ಆಗಬೇಕು, ಹಾಗಾಗಿ ಯಾರ ಕೈಯಲ್ಲಾದರೂ ಫೋನ್ ಇರಲಿ. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಬರಬೇಕೆಂದು 176(3) ಹೇಳುತ್ತದೆ. ಅವರು ಬರುವುದನ್ನು ಒಂದು ಶಾಟ್‌ನಲ್ಲಾದರೂ ತೋರಿಸಿ.

ಆ ವಿಡಿಯೊ ಕೋರ್ಟಿಗೆ ಬರುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಎ ಭಾಗ ದಾಖಲೆ ಒಪ್ಪಿಸುವವರದು, ಬಿ ಭಾಗ ತಜ್ಞರದು. ಎರಡರಲ್ಲೂ ಹ್ಯಾಶ್ ಮೌಲ್ಯ (ಫೈಲ್‌ನಿಂದ ಲೆಕ್ಕಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಸಾಲು) ಬರೆಯಬೇಕು. ಕಲಾ ವಿಭಾಗದವರು ಇಲ್ಲಿ ಬಾಯಿಗೆ ಬಂದ ಅಂಕೆ-ಅಕ್ಷರ ಮುದ್ರಿಸುತ್ತಾರೆ. ಎಸ್‌ಎಚ್‌ಎ 256 ಆದರೆ 64 ಅಕ್ಷರ, ಎಸ್‌ಎಚ್‌ಎ 1 ಆದರೆ 40, ಎಂಡಿ5 ಆದರೆ 32. ಅದೂ ಸೊನ್ನೆಯಿಂದ 9, ಎ-ಯಿಂದ ಎಫ್ ಮಾತ್ರ. ನಾನು ಒಂದು ನಿಜವಾದ ಫೈಲ್‌ನ ಹ್ಯಾಶ್ ತೆಗೆದು ಕೊಡುತ್ತೇನೆ. ಅದೇ ಫೈಲ್‌ನಲ್ಲಿ ಒಂದು ಫ್ರೇಮ್ ಕತ್ತರಿಸಿ ಮತ್ತೊಂದು ಹ್ಯಾಶ್ ತೆಗೆದರೆ ಪೂರ್ತಿ ಬೇರೆ ಸಾಲು ಬರುತ್ತದೆ. ಎ ಭಾಗದ ಸಾಲು, ಬಿ ಭಾಗದ ಸಾಲು ಅಕ್ಕಪಕ್ಕ ಇಟ್ಟು ಮೊದಲ ನಾಲ್ಕು ಅಕ್ಷರ ಓದಿಸಿದರೆ ಸಾಕು, ತಿದ್ದಿದ್ದಾರೆ ಅಂತ ಹಳ್ಳಿಯ ಪ್ರೇಕ್ಷಕರಿಗೂ ತಿಳಿಯುತ್ತದೆ. ಭಾಷಣ ಬೇಡ.

ಇನ್ನು ಗಡುವುಗಳು. ಬಾಂಬು, ಬೆನ್ನಟ್ಟುವಿಕೆ ಇಲ್ಲದೆ ಎದೆ ಬಡಿತ ಏರಿಸುವ ಗಡಿಯಾರ ಕಾನೂನಿನಲ್ಲೇ ಇದೆ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ. ಕೊಲೆಯಂಥ ಪ್ರಕರಣದಲ್ಲಿ 90 ದಿನದೊಳಗೆ ದೋಷಾರೋಪಣ ಪಟ್ಟಿ ಬಾರದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ, ಉಳಿದವಕ್ಕೆ 60, ಇದು ಸುರಕ್ಷಾ ಸಂಹಿತೆಯ 187(3); ಮುಂದೆ ಬರುವ ಕಲಂಗಳೂ ಅದೇ ಸಂಹಿತೆಯವು. ಎಣಿಕೆ ಶುರುವಾಗುವುದು ಬಂಧನದಿಂದಲ್ಲ, ರಿಮಾಂಡ್ ಆದ (ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸಿದ) ದಿನದಿಂದ, ಆ ದಿನವನ್ನೂ ಸೇರಿಸಿ. ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಇದನ್ನು ಖಚಿತಪಡಿಸಿದೆ. ಬರಹಗಾರರು ಎಡವುವ ಜಾಗ ಇದೇ. ನಮ್ಮ ಉದಾಹರಣೆಯಲ್ಲಿ ರಿಮಾಂಡ್ ಜುಲೈ 5, ಶುಕ್ರವಾರ. ಜುಲೈಯಲ್ಲಿ 27 ದಿನ, ಆಗಸ್ಟ್ ಸೇರಿ 58, ಸೆಪ್ಟೆಂಬರ್ ಸೇರಿ 88. 90ನೇ ದಿನ ಅಕ್ಟೋಬರ್ 2, ಗಾಂಧಿ ಜಯಂತಿ! ಕೋರ್ಟಿಗೆ ರಜೆ. ರಜೆಯಿಂದ ಗಡುವು ಮುಂದಕ್ಕೆ ಹೋಗದು ಎಂಬ ಎಳೆಯನ್ನು ರಕ್ಷಣೆಯ ವಕೀಲರು ಹಿಡಿಯುತ್ತಾರೆ. ಅಕ್ಟೋಬರ್ 3ರ ಬೆಳಿಗ್ಗೆ ಫೈಲಿಂಗ್ ಕೌಂಟರ್‌ನಲ್ಲಿ ಮೊದಲು ಸೀಲು ಬೀಳುವುದು ಜಾಮೀನು ಅರ್ಜಿಗೋ ದೋಷಾರೋಪಣ ಪಟ್ಟಿಗೋ? ಅರ್ಜಿ ಮೊದಲು ಬಿದ್ದರೆ, ಆಮೇಲೆ ಬಂದ ಪಟ್ಟಿ ಆ ಹಕ್ಕನ್ನು ಕಸಿಯದು. ಒಬ್ಬ ಜೂನಿಯರ್ ವಕೀಲೆ, ಒಬ್ಬ ಕೋರ್ಟ್ ಪೇದೆ, ಒಂದು ಕ್ಯೂ, ಒಂದು ಗಡಿಯಾರ ಇದ್ದರೆ ಆ ಎಪಿಸೋಡ್ ನಿಲ್ಲುತ್ತದೆ. ಇಂಥ ಜಾಮೀನು ಸಿಕ್ಕರೆ ಆರೋಪಿ ನಿರಪರಾಧಿ ಆದಂತಲ್ಲ ಅನ್ನುವುದನ್ನು ಮುಂದಿನ ದೃಶ್ಯದಲ್ಲೇ ಯಾರಾದರೂ ಹೇಳಿಬಿಡಬೇಕು, ಇಲ್ಲದಿದ್ದರೆ ಪ್ರೇಕ್ಷಕರು ಕೇಸು ಮುಗಿಯಿತು ಅಂದುಕೊಳ್ಳುತ್ತಾರೆ.

ಪಾಟಿ ಸವಾಲಿಗೆ ನಾನು ಅತಿ ಹೆಚ್ಚು ಹೊತ್ತು ಕೊಡುತ್ತೇನೆ. ಕರ್ನಾಟಕದ ವಿಚಾರಣಾ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು ಹಾಗ್ಹಾಗೇ ದಾಖಲಾಗುವುದಿಲ್ಲ. ನ್ಯಾಯಾಧೀಶರು ಅದನ್ನು ಕಥನರೂಪಕ್ಕೆ ತಿರುಗಿಸಿ ಬೆರಳಚ್ಚುಗಾರರಿಗೆ ಹೇಳುತ್ತಾರೆ. ವಕೀಲರು ಕೇಳುವುದು ಹೀಗೆ: "ಏನಮ್ಮ, ಬಿಳೀ ಕಾರಿನ ವಿಷಯ ಪೊಲೀಸರ ಹತ್ತಿರ ನೀವು ಹೇಳೇ ಇಲ್ಲ ಅಲ್ವಾ?" ಸಾಕ್ಷಿ: "ಇಲ್ಲ ಸ್ವಾಮಿ, ಹೇಳಿದ್ದೀನಿ." ದಾಖಲಾಗುವುದು: 'ಪೊಲೀಸರ ಮುಂದೆ ನೀಡಿದ ಹೇಳಿಕೆಯಲ್ಲಿ ಬಿಳಿ ಕಾರಿನ ಬಗ್ಗೆ ನಾನು ಹೇಳಿಲ್ಲ ಎಂದರೆ ಸರಿಯಲ್ಲ.' ವಕೀಲರು ಅಲ್ಲೇ ಕಾಗದ ಬೀಸಿ 'ಸುಳ್ಳು!' ಅಂತ ಕೂಗುವುದು ಸಿನಿಮಾ. ನಿಜದಲ್ಲಿ ಅವರು ಸುಮ್ಮನೆ ಕೂರುತ್ತಾರೆ. ಯಾಕೆಂದರೆ ಆ ಲೋಪ, ಅಂದರೆ ಪೊಲೀಸ್ ಹೇಳಿಕೆಯಲ್ಲಿ ಆ ಮಾತು ಇಲ್ಲದಿರುವುದು, ಸಾಬೀತಾಗಬೇಕಾದ್ದು ಹೇಳಿಕೆ ಬರೆದುಕೊಂಡ ತನಿಖಾಧಿಕಾರಿ ಕಟಕಟೆಗೆ ಬಂದಾಗ. ಅವರ ದಾಖಲೆಯಲ್ಲಿ ಈ ಸಾಲು ಬರಬೇಕು (ಚಾ.ಸಾ. ಅಂದರೆ ದೋಷಾರೋಪಣ ಪಟ್ಟಿಯಲ್ಲಿನ ಸಾಕ್ಷಿ): 'ಚಾ.ಸಾ.4 ನನ್ನ ಮುಂದೆ ಬಿಳಿ ಕಾರಿನ ಬಗ್ಗೆ ಹೇಳಿಲ್ಲ ಎಂದರೆ ಸರಿ.' ಎರಡನೇ ಎಪಿಸೋಡ್‌ನಲ್ಲಿ ಮೊದಲ ಸಾಲು, ಐದರಲ್ಲಿ ಎರಡನೆಯದು ಇಡಿ. ನಡುವೆ ಎಲ್ಲೂ ವಿವರಿಸಬೇಡಿ. ತನಿಖಾಧಿಕಾರಿಯನ್ನು ಕೇಳದೆ ಬಿಟ್ಟರೆ ಲೋಪ ಸಾಬೀತಾಗುವುದಿಲ್ಲ, ಮೇಲ್ಮನವಿಯಲ್ಲಿ ಅದರ ಆಸರೆ ಸಿಗದು. ಹಿಂದಿನ ಸೀಸನ್‌ನ ವಕೀಲರು ಹೀಗೆ ಬಿಟ್ಟಿದ್ದರೆ ಹೊಸ ಸೀಸನ್‌ಗೆ ಒಳ್ಳೇ ಬಾಗಿಲು: 348ನೇ ಕಲಂ ಅಡಿ ಸಾಕ್ಷಿಯನ್ನು ಮತ್ತೆ ಕರೆಸುವ ಅರ್ಜಿ.

ಆರೋಪಿಯ ಸ್ವ-ಇಚ್ಛಾ ಹೇಳಿಕೆಯನ್ನು ಕೋರ್ಟಿನಲ್ಲಿ ಪೂರ್ತಿ ಓದಿಸುವುದು ಮತ್ತೊಂದು ಸಾಮಾನ್ಯ ತಪ್ಪು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ವಸ್ತು ಸಿಗಲು ಕಾರಣವಾದ ಭಾಗವಷ್ಟೇ ಒಳಗೆ ಬರುತ್ತದೆ. ಚಾಕು ಇರುವ ಜಾಗ ಪೊಲೀಸರಿಗೆ ಮೊದಲೇ ಗೊತ್ತಿತ್ತು ಅಂತಾದರೆ ಅದೂ ಬೀಳುತ್ತದೆ. ಯಾರಿಗೆ ಯಾವಾಗ ಗೊತ್ತು ಎಂಬ ಕಾಲಂ ಇಲ್ಲಿ ಕೈ ಹಿಡಿಯುತ್ತದೆ.

ಹಿಂದಿನ ಸೀಸನ್ ಖುಲಾಸೆಯಲ್ಲಿ ಮುಗಿದಿದ್ದರೆ ಅದೇ ವ್ಯಕ್ತಿಯನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ನಿಲ್ಲಿಸುವಂತಿಲ್ಲ. ಉಳಿಯುವ ದಾರಿ ಸರ್ಕಾರದ ಮೇಲ್ಮನವಿ, ಅದಕ್ಕೆ 90 ದಿನ, ಹೈಕೋರ್ಟಿನ ಅನುಮತಿಯೂ ಬೇಕು. ಇಲ್ಲವೇ ಸಂತ್ರಸ್ತರ ಮೇಲ್ಮನವಿ. ಆದರೆ ಹೈಕೋರ್ಟಿನಲ್ಲಿ ದೃಶ್ಯದ ಸ್ವರೂಪವೇ ಬೇರೆ: ಇಬ್ಬರು ನ್ಯಾಯಮೂರ್ತಿಗಳ ಪೀಠ, ಕಟಕಟೆಯಲ್ಲಿ ಸಾಕ್ಷಿ ಇಲ್ಲ, ಕೆಳ ಕೋರ್ಟಿನ ದಾಖಲೆ ಹಿಡಿದು ವಾದ ಮಾತ್ರ. ಇಡೀ ಸೀಸನ್ ಅಲ್ಲಿ ನಡೆಸುವುದು ಕಷ್ಟ. ಅದಕ್ಕೇ ನಾನು ವಿಚಾರಣೆ ಮುಗಿಯುವ ಮೊದಲೇ ಸೀಸನ್ ಕತ್ತರಿಸಲು ಹೇಳುತ್ತೇನೆ. ಆಗ 358ರಡಿ ಸಾಕ್ಷಿಯಾಗಿ ಬಂದವನನ್ನೇ ಆರೋಪಿಯಾಗಿ ಕರೆಸಬಹುದು. 193(9)ರಡಿ ಕೋರ್ಟಿನ ಅನುಮತಿ ಪಡೆದು ಮುಂದಿನ ತನಿಖೆ ನಡೆಸಬಹುದು, ಅದಕ್ಕೆ 90 ದಿನದ ಗಡುವು ಬೇರೆ. ಹೊಸ ಸೀಸನ್‌ಗೆ ಇದಕ್ಕಿಂತ ಒಳ್ಳೇ ಬೆನ್ನೆಲುಬು ನನಗೆ ಕಂಡಿಲ್ಲ.

ನಾಯಕಿ ವಕೀಲೆಯನ್ನು ಈ ಬಾರಿ ಸಂತ್ರಸ್ತರ ಪರ ನಿಲ್ಲಿಸುವ ಆಸೆ ನಿರ್ಮಾಪಕರಿಗೆ ಇರುತ್ತದೆ. ಸೆಷನ್ಸ್ ವಿಚಾರಣೆ ನಡೆಸುವುದು ಸರ್ಕಾರಿ ಅಭಿಯೋಜಕರು. ಖಾಸಗಿ ವಕೀಲರು ಅವರ ಸೂಚನೆಯಂತೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು, ಅಷ್ಟೇ. ಆಕೆಯೇ ಪಾಟಿ ಸವಾಲು ಮಾಡಬೇಕಾದರೆ ವಿಶೇಷ ಸರ್ಕಾರಿ ಅಭಿಯೋಜಕಿಯಾಗಿ ನೇಮಕವಾಗಬೇಕು. ಕನಿಷ್ಠ 10 ವರ್ಷ ವಕೀಲಿ ಆಗಿರಬೇಕು. ಅದೇ ಪ್ರಕರಣದಲ್ಲಿ ಹಿಂದೆ ಆರೋಪಿಯ ಪರ ಇದ್ದವರಾದರೆ ಈಗ ಎದುರು ಪಕ್ಷಕ್ಕೆ ನಿಲ್ಲುವಂತೆಯೇ ಇಲ್ಲ.

ನಟರ ಡೇಟ್ಸ್ ಸಿಗದೇ ಹೋದರೆ ಕಾನೂನು ಸಹಾಯಕ್ಕೆ ಬರುತ್ತದೆ. ನ್ಯಾಯಾಧೀಶರ ವರ್ಗಾವಣೆ ದಿನನಿತ್ಯದ ವಿಷಯ, ಹೊಸಬರು ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೆಯೇ ಮುಂದುವರಿಯಬಹುದು. ಆದರೆ ಅವರು ಸಾಕ್ಷಿಯ ಮುಖ ನೋಡಿಲ್ಲ, ಕಾಗದ ಮಾತ್ರ ಓದಿದ್ದಾರೆ ಅನ್ನುವುದನ್ನು ಕಥೆಗೆ ಬಳಸಿಕೊಳ್ಳಿ.

ಸೆಟ್ಟಿನಲ್ಲಿ ಸುತ್ತಿಗೆ ಕಂಡರೆ ತೆಗೆಸಿ, ನಮ್ಮ ಕೋರ್ಟಿನಲ್ಲಿ ಅದಿಲ್ಲ. ಭಗವದ್ಗೀತೆಯ ಮೇಲೆ ಕೈ ಇಡಿಸುವುದೂ ಬೇಡ, 1969ರ ಪ್ರಮಾಣಗಳ ಕಾಯ್ದೆಯಂತೆ ಬಾಯಿಮಾತಿನ ಪ್ರಮಾಣ ಸಾಕು. ವಿಚಾರಣಾ ಕೋರ್ಟಿನಲ್ಲಿ ವಕೀಲರಿಗೆ ಗೌನು ಕಡ್ಡಾಯವಲ್ಲ. ಕೋರ್ಟ್ ದೃಶ್ಯಗಳನ್ನೆಲ್ಲ ಒಟ್ಟಿಗೆ, ಹಿಂದುಮುಂದಾಗಿ ಚಿತ್ರಿಸುವುದರಿಂದ ಪ್ರತಿ ಸೀನ್‌ಗೆ ಒಂದು ಚೀಟಿ ಕೊಡುತ್ತೇನೆ: ಇಂದು ಮೇಜಿನ ಮೇಲಿರುವ ಮುದ್ದೆಮಾಲು (ವಶಪಡಿಸಿಕೊಂಡ ವಸ್ತುಗಳು) ಯಾವುವು, ನಿಶಾನೆ ಎಲ್ಲಿಗೆ ಬಂದಿದೆ, ಫೈಲ್ ಎಷ್ಟು ದಪ್ಪ. ನಿ.ಪಿ.12 (ಅಭಿಯೋಜನೆಯ 12ನೇ ನಿಶಾನೆ) ಗುರುತಾಗುವ ಮೊದಲೇ ಅದರ ಮೇಲೆ ಕೆಂಪು ಶಾಯಿಯ ಗುರುತು ಕಂಡರೆ ಇಡೀ ದಿನದ ಚಿತ್ರೀಕರಣ ವ್ಯರ್ಥ.

ತೀರ್ಪಿನ ಎಪಿಸೋಡ್‌ಗೆ ಎರಡು ದಿನಾಂಕ ಇಟ್ಟುಕೊಳ್ಳಿ. ವಾದ ಮುಗಿದ 30 ದಿನದೊಳಗೆ ತೀರ್ಪು, ಕಾರಣ ಬರೆದಿಟ್ಟರೆ 45ರವರೆಗೆ. ಇದು 258ನೇ ಕಲಂ. 'ದೋಷಿ' ಅಂದ ಉಸಿರಲ್ಲೇ ಶಿಕ್ಷೆ ಘೋಷಿಸುವಂತಿಲ್ಲ, ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತು ಕೇಳಬೇಕು. ನಾನು ಸೀಸನ್ ಮುಗಿಸುವುದು ಸಾಧ್ಯವಾದಷ್ಟು ಮಟ್ಟಿಗೆ ಈ ಎರಡರ ನಡುವೆ: ದೋಷಿ ಎಂದಾಗಿದೆ, ಶಿಕ್ಷೆಯ ವಾದಕ್ಕೆ ಶುಕ್ರವಾರ ವಾಯಿದೆ ಬಿದ್ದಿದೆ, ಗುರುವಾರ ಸಂಜೆ 348ರ ಅರ್ಜಿಯಲ್ಲಿ ಕೇಳಿ ಸಿಗದೇ ಹೋಗಿದ್ದ ಆ ಸಾಕ್ಷಿ ವಕೀಲರ ಕಚೇರಿಗೆ ಬರುತ್ತಾಳೆ. ತೀರ್ಪಿಗೆ ಸಹಿ ಬಿದ್ದಿರುವುದರಿಂದ ಸೆಷನ್ಸ್ ಕೋರ್ಟ್ ಅದನ್ನು ಬದಲಿಸುವಂತಿಲ್ಲ. ಅವಳ ಮಾತು ದಾಖಲಾಗಬೇಕಾದರೆ ಮೇಲ್ಮನವಿಯಲ್ಲಿ 432ನೇ ಕಲಂ ಅಡಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಬೇಕು, ಅದೇ ಮೂರನೇ ಸೀಸನ್‌ನ ತಾರೀಖು ಪಟ್ಟಿಯ ಮೊದಲ ಸಾಲು.