ಸ್ಪ್ರಿಂಗ್ ಹಾಕಿದ ಮೇಲೆ ಗಾಜಿನ ಲೈನ್ ಒಡೆದಿಲ್ಲ

ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಒಂದು ಬಲ್ಕ್ ಡ್ರಗ್ ಫ್ಯಾಕ್ಟರಿಯಲ್ಲಿ ನನ್ನದು ಮೆಂಟೆನೆನ್ಸ್ ಕೆಲಸ. ರಿಯಾಕ್ಟರ್ (ಔಷಧ ಬೇಯಿಸುವ ಪಾತ್ರೆ) ಮೇಲಿನ 80 ಎನ್‌ಬಿ (ಸುಮಾರು 80 ಎಂಎಂ ಒಳಅಳತೆಯ) ಗಾಜಿನ ವೇಪರ್ ಲೈನಿಗೆ, ಅಂದರೆ ಆವಿ ಹೋಗುವ ಕೊಳವೆಗೆ, ಸ್ಪ್ರಿಂಗ್ ಬೋಲ್ಟ್ (ಜೋಡಣೆಯ ನಡುವಿನ ಬಿಲ್ಲೆ ತೆಳ್ಳಗಾದರೂ ಸ್ಪ್ರಿಂಗ್ ಒತ್ತಿ ಹಿಡಿಯುವ ಬೋಲ್ಟ್) ಹಾಕೋಣ ಅಂದಾಗ, "ಇಷ್ಟು ಸಡಿಲ ಬಿಟ್ರೆ ಸೋರದೆ ಇರುತ್ತಾ?" ಎಂದು ಎಲ್ಲರೂ ನಕ್ಕರು. ವರ್ಷ ದಾಟಿತು. ಒಂದು ಪೀಸೂ ಹೋಗಿಲ್ಲ.

ಮೊದಲಿನ ಕಥೆ ಗೊತ್ತಲ್ವಾ? ಬ್ಯಾಚ್ ಬಿಸಿಯಾದಾಗ ಪಿಟಿಎಫ್‌ಇ (ಟೆಫ್ಲಾನ್) ಗ್ಯಾಸ್ಕೆಟ್, ಅಂದರೆ ಜೋಡಣೆಯ ನಡುವಿನ ಬಿಲ್ಲೆ, ಹಿಂಡಿ ತೆಳ್ಳಗಾಗುತ್ತದೆ. ತಣ್ಣಗಾದ ಮೇಲೆ ಹನಿ ಶುರು. ರಾತ್ರಿ ಪಾಳಿಯವರು ಹನಿಯುವ ಕಡೆಯ ಬೋಲ್ಟನ್ನೇ ತಿರುವುತ್ತಾರೆ. ಫ್ಲ್ಯಾಂಜ್ (ಬೋಲ್ಟ್ ಕೂರುವ ಬಳೆ) ಓರೆಯಾಗಿ ಗಾಜಿನ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮುಂದಿನ ಬ್ಯಾಚಿನಲ್ಲಿ ಟಪ್! ಒಂದು ಬೆಂಡಿಗೆ (ಬಾಗಿದ ಗಾಜಿನ ಪೀಸಿಗೆ) ಆಗ 5-6 ಸಾವಿರ. ಅದು ಹೋಗಲಿ, ಚೆಲ್ಲಿದ ಸಾಲ್ವೆಂಟ್, ನಿಂತ ಪ್ಲಾಂಟ್ ಸೇರಿಸಿದರೆ ಲಕ್ಷ ಮುಟ್ಟುತ್ತಿತ್ತು. ಇಡೀ ಲೈನಿನ ಸ್ಪ್ರಿಂಗಿಗೆ ಆಗಿದ್ದು 12-13 ಸಾವಿರ ಇರಬೇಕು. ಅದಕ್ಕೂ ಪರ್ಚೇಸ್‌ನವರು ಹತ್ತು ಪ್ರಶ್ನೆ ಕೇಳಿದರು.

ಜೋಡಿಸುವ ಮೊದಲು ಎರಡೂ ಮುಖ ಒರೆಸಿ, ಉಗುರಿನಿಂದ ಸುತ್ತಲೂ ಸವರುತ್ತೇನೆ. ಚೂರು ತಾಕಿದರೂ ಆ ಪೀಸ್ ಪಕ್ಕಕ್ಕೆ. ಬೋಲ್ಟ್ ಬೆರಳಲ್ಲೇ ಬಿಗಿಸಿ, ಆಮೇಲೆ ಎದುರುಬದುರಾಗಿ ಕಾಲು ಸುತ್ತು, ಕಾಲು ಸುತ್ತು. ಟಾರ್ಕ್ ರೆಂಚಿನಲ್ಲಿ 3 ಎನ್‌ಎಂ (ನ್ಯೂಟನ್ ಮೀಟರ್) ಆಸುಪಾಸು. ನಿಮ್ಮ ಸಪ್ಲೈಯರ್ ಚಾರ್ಟ್ ನೋಡಿಕೊಳ್ಳಿ. ಉದ್ದ ಸ್ಪ್ಯಾನರ್ ಸಿಕ್ಕರೆ ಹುಡುಗರ ಕೈ ನಿಲ್ಲುವುದಿಲ್ಲ. ಅದನ್ನು ಬಾಕ್ಸಿನಿಂದಲೇ ತೆಗೆಸಿದೆ. ಸ್ಪ್ರಿಂಗ್ ಎಷ್ಟು ಕುಗ್ಗಬೇಕು ಎಂಬುದಕ್ಕೆ ನಾನೇ ಕತ್ತರಿಸಿದ ತಗಡಿನ ಗೇಜ್ ಇದೆ. ಅದರ ಅಳತೆ ನನ್ನಲ್ಲೇ ಇರಲಿ. ಮೊದಲ ಬಿಸಿ ಬ್ಯಾಚ್ ಮುಗಿದು ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ನೋಡುತ್ತೇನೆ. ಬಿಸಿ ಇದ್ದಾಗ, ವ್ಯಾಕ್ಯೂಮ್ ಇದ್ದಾಗ ಯಾರೂ ಕೈ ಹಾಕುವಂತಿಲ್ಲ. 650 ಎಂಎಂ ವ್ಯಾಕ್ಯೂಮ್ ಹಿಡಿದು ವಾಲ್ವ್ ಮುಚ್ಚಿದಾಗ, ಅರ್ಧ ಗಂಟೆಯಲ್ಲಿ ವ್ಯಾಕ್ಯೂಮ್ ಮೀಟರಿನ ಮುಳ್ಳು ಅಲುಗಿದ್ದು ಕಂಡೂ ಕಾಣದಷ್ಟು.

ಸ್ಪ್ರಿಂಗ್ ಒಂದರಿಂದಲೇ ಎಲ್ಲಾ ಆಯ್ತು ಅಂದರೆ ಸುಳ್ಳು. ಸ್ಟಿರರ್ (ಕಲಕುವ ಯಂತ್ರ) ನಡುಕ ಗಾಜಿಗೆ ಏರದಂತೆ ರಿಯಾಕ್ಟರ್ ನಾಝಲ್ (ಪಾತ್ರೆಯ ಬಾಯಿ) ಮೇಲೆ ಪಿಟಿಎಫ್‌ಇ ಬೆಲ್ಲೋಸ್ (ಮಡಿಕೆ ಮಡಿಕೆಯ ಬಾಗುವ ತುಂಡು) ಕೂಡ ಕೂರಿಸಿದೆ. ಆದರೆ ಬೆಲ್ಲೋಸ್ ಇದ್ದ ಪಕ್ಕದ ಲೈನ್ ಸ್ಪ್ರಿಂಗ್ ಇಲ್ಲದೆ ಆಮೇಲೂ ಒಡೆಯಿತು.

ನಡುವೆ ಸುಮ್ನೆ ಇನ್ನೊಂದು ನೋಡಿದೆ: ಒಳಗೆ ರಬ್ಬರ್, ಹೊರಗೆ ಪಿಟಿಎಫ್‌ಇ ಹೊದಿಕೆಯ ಗ್ಯಾಸ್ಕೆಟ್. ಕಡಿಮೆ ಬಿಗಿಗೇ ಚೆನ್ನಾಗಿ ಕೂತಿತು. ಎಂಡಿಸಿ (ಮೀಥೈಲಿನ್ ಡೈಕ್ಲೋರೈಡ್ ಎಂಬ ಸಾಲ್ವೆಂಟ್) ಬ್ಯಾಚ್ ಹತ್ತಿಸಿದ ಮೇಲೆ ರಬ್ಬರ್ ಊದಿಕೊಂಡಿತು. ಉಳಿದವನ್ನು ಸ್ಕ್ರಬ್ಬರಿನ (ಹೊರಬರುವ ಗ್ಯಾಸ್ ತೊಳೆಯುವ ಘಟಕದ) ನೀರಿನ ಲೈನಿಗೆ ಹಾಕಿದ್ದೇನೆ, ಅಲ್ಲಿ ಆರಾಮಾಗಿವೆ.