ಸ್ಟೀವ್ ಬ್ಲೂಮರ್‌ನ ಗೋಲುಗಳನ್ನು ಲೆಕ್ಕಕ್ಕೆ ತಂದ ಬಗೆ

ಇಂಗ್ಲೆಂಡಿನ ಡರ್ಬಿ ಕೌಂಟಿ ಫುಟ್‌ಬಾಲ್ ಕ್ಲಬ್ಬಿನ ಆಟಗಾರ ಸ್ಟೀವ್ ಬ್ಲೂಮರ್‌ನ ಬಗ್ಗೆ ಲೇಖನ ಬರೆಯಲು ಕುಳಿತಾಗ, ಒಟ್ಟು ಸಂಖ್ಯೆಯನ್ನು ಬದಿಗಿಟ್ಟು ಋತುವಾರು (ಸೀಸನ್‌ವಾರು) ಪಟ್ಟಿಯಿಂದ ಆರಂಭಿಸಿದೆ. 1892ರಲ್ಲಿ ಡರ್ಬಿಯ ಪರ ಮೊದಲ ಪಂದ್ಯವಾಡಿದ ಈತ ಆ ಕ್ಲಬ್ಬಿಗಾಗಿ 332 ಗೋಲು ಹೊಡೆದ. ಅವುಗಳಲ್ಲಿ 292 ಲೀಗ್ ಪಂದ್ಯಗಳವು. ಲೀಗ್, ಎಫ್‌ಎ ಕಪ್ (ಇಂಗ್ಲೆಂಡಿನ ಕ್ಲಬ್ಬುಗಳ ನಾಕ್‌ಔಟ್ ಪಂದ್ಯಾವಳಿ), ಅಂತರರಾಷ್ಟ್ರೀಯ ಎಂದು ವಿಂಗಡಿಸಿದ ಮೇಲೆ ಲೀಗಿನ ಗೋಲುಗಳನ್ನು ಡಿವಿಷನ್‌ಗೆ, ಅಂದರೆ ಲೀಗಿನ ಹಂತಕ್ಕೆ, ತಕ್ಕಂತೆ ಮತ್ತೆ ಒಡೆದೆ. 1906ರಲ್ಲಿ ಮಿಡಲ್ಸ್‌ಬರೊಗೆ ಹೋದ ಬ್ಲೂಮರ್ 1910ರಲ್ಲಿ ಮರಳುವಷ್ಟರಲ್ಲಿ ಡರ್ಬಿ ಎರಡನೆಯ ಡಿವಿಷನ್‌ಗೆ ಇಳಿದಿತ್ತು. 1912ರಲ್ಲಿ ಅದು ಮೇಲೇರುವ ತನಕ ಹೊಡೆದ ಗೋಲುಗಳನ್ನು ಮೊದಲ ಡಿವಿಷನ್‌ನವುಗಳ ಜೊತೆ ಕೂಡಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಪ್ರತಿ ಋತುವಿನ ಪಕ್ಕದಲ್ಲಿ ಆಗಿನ ಪಂದ್ಯಗಳ ಸಂಖ್ಯೆಯನ್ನೂ ನಿಯಮಗಳನ್ನೂ ಬರೆದುಕೊಂಡದ್ದು ಬಹಳ ಉಪಯೋಗಕ್ಕೆ ಬಂತು. 1896–97ರಲ್ಲಿ ಆತ 24 ಗೋಲುಗಳೊಂದಿಗೆ ಮೊದಲ ಡಿವಿಷನ್‌ನ ಅಗ್ರ ಗೋಲುಗಾರನಾದಾಗ ಒಂದು ತಂಡಕ್ಕೆ ಇದ್ದದ್ದು 30 ಪಂದ್ಯ ಮಾತ್ರ. 1905ರ ಹೊತ್ತಿಗೆ ಅದು 38ಕ್ಕೆ ಏರಿತು. ಚೆಂಡು ಮುಂದಕ್ಕೆ ಬರುವಾಗ ದಾಳಿಗಾರನಿಗೂ ಗೋಲಿಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳು ಇರಬೇಕೆಂಬ, ದಾಳಿಗಾರರಿಗೆ ಈಗಿನದಕ್ಕಿಂತ ಕಠಿಣವಾಗಿದ್ದ ಆಫ್‌ಸೈಡ್ ನಿಯಮ 1925ರವರೆಗೂ ಉಳಿದಿತ್ತಾದ್ದರಿಂದ, ಬ್ಲೂಮರ್‌ನ ಇಡೀ ಆಟ ಅದರ ಅಡಿಯಲ್ಲೇ ನಡೆಯಿತು. ಇಂದಿನ ಆಟಗಾರರ ಅಂಕಿಗಳೊಡನೆ ಆತನವನ್ನು ಸಾಲಾಗಿ ಜೋಡಿಸುವ ಪಟ್ಟಿಗಳು ನನಗೆ ಅಷ್ಟಾಗಿ ರುಚಿಸದಿರುವುದು ಇದೇ ಕಾರಣಕ್ಕೆ.

ಅಂತರರಾಷ್ಟ್ರೀಯ ಪಂದ್ಯಗಳ ಲೆಕ್ಕ ಸುಲಭವಾಗಿತ್ತು: 1895ರಿಂದ 1907ರವರೆಗೆ 23 ಪಂದ್ಯ, 28 ಗೋಲು. ಇಂಗ್ಲೆಂಡ್ ಆಗ ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್‌ಗಳ ವಿರುದ್ಧ ವರ್ಷಕ್ಕೆ ತಲಾ ಒಂದೊಂದು ಪಂದ್ಯ ಆಡುತ್ತಿತ್ತೆಂಬುದನ್ನು ನೆನೆದರೆ, ಅವಕಾಶ ಎಷ್ಟು ಕಡಿಮೆಯಿತ್ತೆಂದು ಗೊತ್ತಾಗುತ್ತದೆ.

ಲೀಗಿನ ಗೋಲುಗಳು ಹಾಗಲ್ಲ. ಗೋಲಿನೆದುರು ಆಟಗಾರರು ಮುಗಿಬಿದ್ದು ಚೆಂಡು ಒಳಹೋದಾಗ ವರದಿಗಾರರು ಹೆಸರು ಬರೆಯದೇ ಬಿಡುತ್ತಿದ್ದುದೂ ಉಂಟು. ಎರಡು ಊರುಗಳ ಪತ್ರಿಕೆಗಳು ಬೇರೆ ಹೆಸರು ಕೊಟ್ಟಲ್ಲಿ ಆ ಗೋಲನ್ನು ಪ್ರತ್ಯೇಕವಾಗಿ ಗುರುತಿಸಿ, ಡರ್ಬಿ, ಮಿಡಲ್ಸ್‌ಬರೊ ಎರಡೂ ಕ್ಲಬ್ಬುಗಳ ಪರವಾದ ಲೀಗ್ ಮೊತ್ತವನ್ನು ಲೇಖನದಲ್ಲಿ ‘350ಕ್ಕೂ ಹೆಚ್ಚು’ ಎಂದಷ್ಟೇ ಕೊಟ್ಟೆ.

ಎಫ್‌ಎ ಕಪ್ಪಿನ ಪಟ್ಟಿಯಲ್ಲಿ ಗೆಲುವಿನ ಫೈನಲ್ ಇಲ್ಲ. 1898ರಲ್ಲಿ ನಾಟಿಂಗ್‌ಹ್ಯಾಂ ಫಾರೆಸ್ಟ್ ವಿರುದ್ಧ ಡರ್ಬಿಯ ಏಕೈಕ ಗೋಲು ಬ್ಲೂಮರ್‌ನದಾದರೂ ತಂಡ 3–1ರಿಂದ ಸೋತಿತು. ಮರುವರ್ಷ ಶೆಫೀಲ್ಡ್ ಯುನೈಟೆಡ್ 4–1ರಿಂದ ಸೋಲಿಸಿತು. ಕಪ್ ದಕ್ಕಿದ್ದು ತರಬೇತುದಾರನಾದ ಮೇಲೆ: 1924ರಲ್ಲಿ ಸ್ಪೇನಿನ ರಿಯಲ್ ಯೂನಿಯನ್ ಇರೂನ್ ತಂಡ ಈತನ ಕೈಕೆಳಗೆ ಆ ದೇಶದ ಕಪ್ಪಿನ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಮಣಿಸಿತು.